ಶಾಸ್ತ್ರದಾನದಿಂದ ಗ್ರಂಥಾಲಯ ಕರದವರೆಗೆ



ಗ್ರಂಥಾಲಯಗಳ ಚರಿತ್ರೆಯನ್ನು ಕುರಿತ ಈ ವಿಚಾರಸಂಕಿರಣಕ್ಕೆ ಆಶಯದ ನಾಲ್ಕು ಮಾತುಗಳನ್ನಾಡಬೇಕೆಂದು ನೀವು ಅಪ್ಪಣೆಮಾಡಿದಾಗ, ಪುಸ್ತಕಸಂಗ್ರಹದ ಪ್ರಾಚೀನತೆಯನ್ನು ಬಣ್ಣಿಸುವುದಕ್ಕಿಂತ, ಸಂಗ್ರಹವಾದ ಪುಸ್ತಕವು ಯಾವ ಬಗೆಯಿಂದ ಸರ್ವಜನರ ಸ್ವತ್ತಾಯಿತೆಂಬ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುವುದು ಲೇಸೆಂದು ನನಗೆ ತೋರಿತು.

ನಮ್ಮ ನಾಡಿನಲ್ಲಿ ಪುಸ್ತಕಕ್ಕೆ ಸಂದ ಗೌರವವು ಅಲ್ಪವಾದುದಲ್ಲ. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವನ್ನು ಕುರಿತ 1058ರ ಶಿಲಾಶಾಸನವು, ವೇದಶಾಸ್ತ್ರಗಳನ್ನು ಬೋಧಿಸುವ ಉಪಾಧ್ಯಾಯರ ಜೊತೆಯಲ್ಲಿಯೇ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಅದಕ್ಕೂ ಮುನ್ನವೇ ದಾನಚಿಂತಾಮಣಿ ಅತ್ತಿಮಬ್ಬೆಯು, ಒಂದೊಂದು ಓಲೆಗರಿಯನ್ನೂ ಕಂಠದಿಂದ ಕೊರೆದು ಮಸಿ ತೊಡೆದು ದಾರದಲ್ಲಿ ಪೋಣಿಸಬೇಕಾಗಿದ್ದ ಕಾಲದಲ್ಲಿ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ನಿಲ್ಲಿಸಿ, ಹಸಿದವನಿಗೆ ಅನ್ನವೆಂತೋ ಅರಿಯಬಯಸುವವನಿಗೆ ಗ್ರಂಥವೂ ಅಂತೆಯೇ ಎಂದು ಬಗೆದ ಜೈನಧರ್ಮದ ಆ ದೃಷ್ಟಿಗೆ ನಾವು ಇಂದಿಗೂ ತಲೆಬಾಗಬೇಕು. ಆದರೆ ದಾನವು ದಾನಿಯ ಔದಾರ್ಯವನ್ನೇ ನೆಚ್ಚಿ ನಿಂತದ್ದು. ದಾನಿ ಹುಟ್ಟದ ಊರಿಗೂ, ದಾನಿಯ ಕಣ್ಣಿಗೆ ಬೀಳದ ಓದುಗನಿಗೂ ಅದು ತಲಪಲಾರದು.

ಈ ಕೊರತೆಯನ್ನು ಶಾಸನದ ಬಲದಿಂದ ನೀಗುವ ಯತ್ನವು 1850ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ವಿಲಿಯಂ ಎವರ್ಟ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ ಮಸೂದೆಯ ಹಿಂದೆ ನಿಂತು ಅಂಕಿಅಂಶಗಳನ್ನೊದಗಿಸಿದ ಎಡ್ವರ್ಡ್ ಎಡ್ವರ್ಡ್ಸನು ಗಾರೆ ಕೆಲಸದವನೊಬ್ಬನ ಮಗ. ಆ ಶಾಸನವು 10,000ಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ಪಟ್ಟಣಗಳಿಗೆ, ತೆರಿಗೆದಾರರ ಒಪ್ಪಿಗೆ ದೊರೆತಲ್ಲಿ, ಪೌಂಡಿಗೆ ಅರ್ಧ ಪೆನ್ನಿಯಂತೆ ಕರವೆತ್ತುವ ಅಧಿಕಾರವನ್ನು ಕೊಟ್ಟಿತಾದರೂ, ಆ ಹಣದಿಂದ ಕಟ್ಟಡ ಕಟ್ಟಬಹುದಾಗಿತ್ತೇ ವಿನಾ ಪುಸ್ತಕ ಕೊಳ್ಳುವಂತಿರಲಿಲ್ಲ! ಪುಸ್ತಕಗಳು ದಾನವಾಗಿ ತಾವೇ ಬಂದಾವೆಂಬ ಹಳೆಯ ನಂಬಿಕೆ ಹೊಸ ಶಾಸನದೊಳಗೂ ಉಳಿದುಕೊಂಡಿತ್ತು. 1855ರ ತಿದ್ದುಪಡಿ ಕರವನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕಕ್ಕೂ ಹಣವನ್ನು ವೆಚ್ಚಮಾಡಗೊಟ್ಟಿತು. ಎಡ್ವರ್ಡ್ಸನಾದರೋ 1852ರಲ್ಲಿ ತೆರೆದ ಮ್ಯಾಂಚೆಸ್ಟರಿನ ಉಚಿತ ಗ್ರಂಥಾಲಯದ ಮೊದಲ ಗ್ರಂಥಪಾಲಕನಾದನು. ಒಂದು ಪೆನ್ನಿಯ ಆ ಕರವು ಕಾಣಲು ಕಿರಿದು. ಆದರೆ ಅದನ್ನು ತೆತ್ತ ನೇಕಾರನು ಗ್ರಂಥಾಲಯದೊಳಕ್ಕೆ ಯಾಚಕನಾಗಿ ಬಾರದೆ ಒಡೆಯನಾಗಿ ಬಂದನು.

ಭಾರತದಲ್ಲಿ ಈ ವಿಚಾರವು ಮೊದಲು ಬೇರೂರಿದ್ದು ಅರಸನೊಬ್ಬನ ಆಶ್ರಯದಲ್ಲಿ. ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಬರಮಾಡಿಕೊಂಡು, ಪಟ್ಟಣ ಪಟ್ಟಣಗಳಿಗೂ ಹಳ್ಳಿ ಹಳ್ಳಿಗಳಿಗೂ ಗ್ರಂಥಾಲಯಗಳನ್ನು ಹಬ್ಬಿಸಿದರು. ಗ್ರಂಥಾಲಯವಿಲ್ಲದೆಡೆಗೆ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಕಳುಹಿಸಿದರು. ಮುಂದೆ ಮದರಾಸಿನಲ್ಲಿ, 1931ರಲ್ಲಿ ಗ್ರಂಥಾಲಯ ವಿಜ್ಞಾನದ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದ ಎಸ್.ಆರ್. ರಂಗನಾಥನ್ನರು, ಪುಸ್ತಕವಿರುವುದು ಬಳಕೆಗಾಗಿ ಎಂಬುದನ್ನು ಮೊದಲ ಸೂತ್ರವನ್ನಾಗಿ ನಿಲ್ಲಿಸಿದರು. ಅದೇ ವರ್ಷ ಆ ಪ್ರಾಂತದ ಮನ್ನಾರಗುಡಿಯ ಸುತ್ತಣ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು. ರಂಗನಾಥನ್ನರ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸು ಪ್ರಾಂತದಲ್ಲಿ ಸ್ವತಂತ್ರ ಭಾರತದ ಪ್ರಥಮ ಗ್ರಂಥಾಲಯ ಶಾಸನವು ಅಂಗೀಕೃತವಾದಾಗ, ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳ ಕನ್ನಡಿಗರಿಗೂ ಅದು ಸಲ್ಲುವಂತಾಯಿತು. ಮೈಸೂರು ರಾಜ್ಯವು 1965ರಲ್ಲಿ ತನ್ನದೇ ಶಾಸನವನ್ನು ಮಾಡಿ, ಜಮೀನು ಕಟ್ಟಡಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸೇರಿಸಿತು.

ಹೀಗೆ ಅತ್ತಿಮಬ್ಬೆಯ ದಾನವು ನಮ್ಮೆಲ್ಲರ ಕರವಾಗಿ ಮಾರ್ಪಟ್ಟಿದೆ. ಸ್ವಂತ ಸೂರಿಲ್ಲದ ಕೂಲಿಗಾರನೂ ತಾನು ತೆರುವ ಬಾಡಿಗೆಯೊಳಗೆ ಅದರ ಪಾಲನ್ನು, ತನಗರಿವಿಲ್ಲದೆಯೇ, ಸಲ್ಲಿಸುತ್ತಾನೆ. ಕೆಲಸ ಮುಗಿಸಿ ಸಂಜೆ ಬರುವ ಆತನಿಗೆ ಬಾಗಿಲು ಮುಚ್ಚಿರುವುದಾದರೆ, ಆತನ ಕರವು ಸಂದಿದೆ, ನಮ್ಮ ಋಣವು ಸಂದಿಲ್ಲ. ಆದಕಾರಣ ಮುಂದಿನ ಗೋಷ್ಠಿಗಳಲ್ಲಿ ತಾವು ಶಾಸನಗಳ ಕಲಮುಗಳನ್ನೂ ವರ್ಗೀಕರಣದ ಸೂಕ್ಷ್ಮಗಳನ್ನೂ ವಿಚಾರಿಸುವಾಗ, ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರಬೇಕು, ಓದಲು ಬಾರದವನಿಗೆ ಪುಸ್ತಕವನ್ನು ಯಾರು ಓದಿಹೇಳಬೇಕು, ಕೂಡಿದ ಕರವು ಕಾಲಕ್ಕೆ ಸರಿಯಾಗಿ ಗ್ರಂಥಾಲಯವನ್ನು ಸೇರುವುದು ಹೇಗೆ ಎಂಬ ಸಾಮಾನ್ಯ ಪ್ರಶ್ನೆಗಳಿಗೆ ಮೊದಲ ಮಣೆಯನ್ನು ಹಾಕಬೇಕೆಂದು ಬೇಡುತ್ತೇನೆ. ನಾಗಾವಿಯ ಆರು ಮಂದಿ ಭಂಡಾರಿಗರ ಕೈಯಲ್ಲಿದ್ದದ್ದು ಕಾಪಿಡುವ ಕಾರ್ಯ. ತಮ್ಮ ಪಾಲಿಗೆ ಬಂದಿರುವುದು, ಕಾಪಿಟ್ಟದ್ದನ್ನು ಅದರ ಒಡೆಯರಿಗೆ ಒಪ್ಪಿಸುವ ಕಾರ್ಯ. ಆ ಕಾರ್ಯಕ್ಕೆ ಈ ಸಂಕಿರಣವು ನೆರವಾಗಲೆಂದು ಮನಃಪೂರ್ವಕವಾಗಿ ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.