35ರ ಗೆರೆ

ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುವುದು. ಇಂಥದ್ದಕ್ಕೆಲ್ಲ ಗ್ಯಾಸ್ ಎಂದುಕೊಂಡು ಓಂಕಾಳು ಜಗಿದು ಸುಮ್ಮನಾಗುತ್ತೇವೆ. ಬಹುಪಾಲು ಅದು ಗ್ಯಾಸೇ. ಆದರೆ ಅಂಡಾಶಯದ ಕ್ಯಾನ್ಸರ್ ತಲೆ ಎತ್ತುವುದೂ ಹೀಗೆಯೇ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಹೊಟ್ಟೆಯೊಳಗೆಲ್ಲ ಹಬ್ಬಿರುತ್ತದೆ. ರಕ್ತದಲ್ಲೇ ಅದರ ಸುಳಿವು ಸಿಕ್ಕರೆ?

ದಾರಿ ತೆರೆದದ್ದು 1975ರಲ್ಲಿ. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ಬೆಳೆಸುವ ಉಪಾಯವನ್ನು ಕೇಂಬ್ರಿಜ್‌ನಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಕೊಂಡರು. ಅದನ್ನೇ ಹಿಡಿದು ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಇಲಿಗಳಿಗೆ ಕ್ಯಾನ್ಸರ್ ಕೋಶಗಳನ್ನು ಚುಚ್ಚಿ, ಹುಟ್ಟಿದ ಪ್ರತಿಕಾಯಗಳನ್ನು ಒಂದೊಂದಾಗಿ ಜಾಲಾಡಿದರು. ಕೈ ಹಿಡಿದದ್ದು 125ನೆಯದು. 1981ರಲ್ಲಿ ಅದು ಪ್ರಕಟವಾಯಿತು. ಸಿಎ-125 ಎಂಬ ಪರೀಕ್ಷೆಯ ಹೆಸರಿನಲ್ಲಿರುವ ಅಂಕಿ ಇದೇ.

1983ರಲ್ಲಿ ಅವರು ಆ ಪ್ರತಿಕಾಯ ಅಂಟುವ ವಸ್ತುವನ್ನು ರಕ್ತದಲ್ಲಿ ಅಳೆದು, 35ಕ್ಕೆ ಗೆರೆ ಎಳೆದರು. ರೋಗವಿದ್ದ 101 ಹೆಂಗಸರಲ್ಲಿ 83 ಜನ ಗೆರೆ ದಾಟಿದ್ದರು. ಚಿಕಿತ್ಸೆಯಲ್ಲಿದ್ದವರಲ್ಲಿ ರೋಗ ತಗ್ಗಿದರೆ ಅಂಕಿಯೂ ತಗ್ಗಿತು, ಉಲ್ಬಣಿಸಿದರೆ ಏರಿತು. 100ಕ್ಕೆ 93 ಸಲ ಹೀಗೇ ಆಯಿತು. ಕೀಮೋ ಫಲಿಸುತ್ತಿದೆಯೇ ಎಂದು ನೋಡಲು ಇಂದಿಗೂ ಇದು ನಂಬಿಕಸ್ಥ ಪರೀಕ್ಷೆ.

ಆರೋಗ್ಯವಂತರಲ್ಲಿ ಗೆರೆ ದಾಟಿದವರು ನೂರಕ್ಕೆ ಒಬ್ಬರು ಮಾತ್ರ. ಅತ್ಯಲ್ಪ ಅನಿಸುತ್ತದೆ, ಅಲ್ಲವೇ? ಲೆಕ್ಕ ಹಾಕಿ ನೋಡಿ. ಮುಟ್ಟು ನಿಂತ 2,500 ಹೆಂಗಸರಲ್ಲಿ ಈ ಕ್ಯಾನ್ಸರ್ ಇರುವುದು ಸುಮಾರು ಒಬ್ಬರಿಗೆ. ಎಲ್ಲರ ರಕ್ತ ತೆಗೆದರೆ ಆ ಒಬ್ಬರಿಗಾಗಿ ಇಪ್ಪತ್ತೈದು ಮಂದಿ ಸುಮ್ಮನೆ ಹೆದರಬೇಕು. ಹೆದರಿಕೆಯಲ್ಲೇ ಮುಗಿದರೆ ಪುಣ್ಯ. ಅಮೆರಿಕದಲ್ಲಿ 78,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ರಕ್ತಪರೀಕ್ಷೆಯ ಜೊತೆಗೆ ಸ್ಕ್ಯಾನಿಂಗ್ ಮಾಡಿದರೂ ಸಾವು ತಗ್ಗಲಿಲ್ಲ. ಕ್ಯಾನ್ಸರೇ ಇಲ್ಲದ 1,080 ಜನ ಆಪರೇಷನ್‌ಗೆ ಒಳಗಾದರು, ಅವರಲ್ಲಿ 163 ಜನಕ್ಕೆ ಗಂಭೀರ ತೊಂದರೆಯಾಯಿತು. ಬ್ರಿಟನ್ನಿನವರು ಎರಡು ಲಕ್ಷ ಹೆಂಗಸರನ್ನು ಸೇರಿಸಿಕೊಂಡು, ಒಂದೇ ಅಂಕಿಯ ಬದಲು ವರ್ಷದಿಂದ ವರ್ಷಕ್ಕೆ ಆಗುವ ಏರಿಕೆಯನ್ನು ಗಮನಿಸಿದರು. ಜಾಣತನದ ವಿಧಾನ. ಕೆಲವರಲ್ಲಿ ರೋಗ ಬೇಗ ಸಿಕ್ಕಿತು ಕೂಡ. ಆದರೆ 2021ರ ವರದಿಯಲ್ಲೂ ಸಾವಿನ ಪ್ರಮಾಣ ಇಳಿದಿರಲಿಲ್ಲ.

ಇಷ್ಟಾದರೂ ಈ ಪರೀಕ್ಷೆಯನ್ನು ಆರೋಗ್ಯ ತಪಾಸಣೆಯ ಪ್ಯಾಕೇಜಿಗೆ ಸೇರಿಸಿ ಮಾರುವವರಿದ್ದಾರೆ. ನನಗದು ಸರಿಕಾಣದು. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಫೈಬ್ರಾಯ್ಡ್ ಗಡ್ಡೆಯಿದ್ದಾಗಲೂ ಅಂಕಿ ಏರಬಹುದು. ನಮ್ಮ ಕಡೆ ಇನ್ನೊಂದಿದೆ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ, ತೂಕ ಇಳಿದು, ಅಂಕಿ ನೂರಾರಕ್ಕೆ ಏರಿ, ಥೇಟ್ ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಬಯಾಪ್ಸಿಯಲ್ಲಿ ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ.