ಕೇಸಿಗಿಂತ ಮೊದಲು
(ಇಳಕಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸ)



ಯಾರ ಹೆಸರಿನಲ್ಲಿ ಈ ದತ್ತಿ ನಡೆಯುತ್ತಿದೆಯೋ ಆ ತಾಯಿಯನ್ನು ಊರೆಲ್ಲ ಕರೆಯುತ್ತಿದ್ದದ್ದು ಅಕ್ಕೋರು ಎಂದೇ. ನಾನೂ ಹಾಗೇ ಕರೆಯುತ್ತೇನೆ. ಹುಡುಗಿಯೊಬ್ಬಳು ಸಾಲಿ ಬಿಟ್ಟರೆ ಅಕ್ಕೋರು ಅವಳ ಮನೆಗೇ ಹೋಗಿ ಕಾರಣ ಕೇಳುತ್ತಿದ್ದರಂತೆ. ಕೇಳಿ ತಿಳಿದದ್ದನ್ನು ಹೊರಗೆ ಯಾರ ಮುಂದೆಯೂ ಆಡುತ್ತಿರಲಿಲ್ಲವಂತೆ. ಇವತ್ತಿನ ನನ್ನ ಮಾತಿಗೆ ಇವೆರಡೂ ಬೇಕು, ಎರಡನೆಯದು ಹೆಚ್ಚಾಗಿ ಬೇಕು.

ಲೈಂಗಿಕ ಹಿಂಸೆಗೆ ಒಳಗಾದವರಿಗೆ ಸರ್ಕಾರ ಏನೇನು ಇಟ್ಟಿದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕದ ಸಾಂತ್ವನ ಯೋಜನೆ 2000-01ರಷ್ಟು ಹಳೆಯದು. ಕೇಂದ್ರದ ಸಖಿ ಕೇಂದ್ರಗಳು 2015ರ ಏಪ್ರಿಲ್ 1ರಿಂದ ಬಂದವು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತ ಸಮಾಲೋಚನೆ, ಕೆಲವು ದಿನದ ಆಸರೆ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಅವುಗಳ ಉದ್ದೇಶ. ಜಿಲ್ಲಾ ಆಸ್ಪತ್ರೆಗಳಲ್ಲಿ 'ಗೆಳತಿ' ಹೆಸರಿನ ವಿಶೇಷ ಚಿಕಿತ್ಸಾ ಘಟಕಗಳು ಶುರುವಾದವು. ಫೋನಿನಲ್ಲಿ ಮಹಿಳೆಯರಿಗೆ 181, ಮಕ್ಕಳಿಗೆ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರವೂ ಉಂಟು: 2018ರ ರಾಷ್ಟ್ರೀಯ ಯೋಜನೆಯ ಪ್ರಕಾರ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ. ಇದಕ್ಕಿಂತ ಹೆಚ್ಚಿನ ವಿವರ ಇಲಾಖೆಯ ಕರಪತ್ರಗಳಲ್ಲಿದೆ, ಓದಿಕೊಳ್ಳಬಹುದು.

ಕರಪತ್ರ ಹೇಳದೆ ಬಿಟ್ಟದ್ದು ಆ ಸೂರಿನ ದೂರವನ್ನು. ಸಖಿ ಜಿಲ್ಲೆಗೊಂದರಂತೆ ಬಂದ ಯೋಜನೆ. ಇಳಕಲ್ಲಿನವಳು ಹುನಗುಂದ ದಾಟಿ ಬಾಗಲಕೋಟೆ ಮುಟ್ಟಬೇಕಾದರೆ ಅರವತ್ತು ಕಿಲೋಮೀಟರಿನ ಆಚೀಚೆ. ಮಗ್ಗದ ಕೆಲಸ ಬಿಟ್ಟು, ಮನೆಯಲ್ಲಿ ಏನಾದರೊಂದು ನೆಪ ಹೇಳಿ, ಬಸ್ಸು ಹಿಡಿದು ಅವಳು ಅಲ್ಲಿಗೆ ಹೋಗಬಲ್ಲಳೆಂದು ನಂಬಿ ಯೋಜನೆ ಬರೆದವರು ಬಹುಶಃ ಇಂಥ ಬಸ್ಸು ಹತ್ತಿದವರಲ್ಲ. ಸಖಿ ಬಂದ ಮೇಲೆ ತಾಲ್ಲೂಕಿನ ಸಾಂತ್ವನ ಕೇಂದ್ರ ಏಕೆ, ಎರಡೂ ಒಂದೇ ಅಲ್ಲವೆ ಎಂಬ ವಾದ ನಮ್ಮಲ್ಲಿ ನಡೆದಿದೆ. ಲೆಕ್ಕ ಪತ್ರದಲ್ಲಿ ಎರಡೂ ಒಂದೇ ಇರಬಹುದು. ನಡೆದು ಹೋಗಬಹುದಾದ ಜಾಗ ಮತ್ತು ಊರು ಬಿಟ್ಟು ಹೋಗಬೇಕಾದ ಜಾಗ ಒಂದೇ ಅಲ್ಲ.

ಆ ವಾದ ಏನೇ ಇರಲಿ, ತಾಲ್ಲೂಕು ಮಟ್ಟದಲ್ಲಿ ಹೆಣ್ಣುಮಗಳೊಬ್ಬಳು ಕಾರಣ ಹೇಳದೆ ಹೋಗಬಹುದಾದ ಜಾಗ ಸರ್ಕಾರಿ ಆಸ್ಪತ್ರೆ ಒಂದೇ. ಹೊಟ್ಟೆನೋವು ಅಂದರೆ ಸಾಕು, ಯಾರೂ ಮತ್ತೇನೂ ಕೇಳುವುದಿಲ್ಲ. ಆ ಬಾಗಿಲಲ್ಲಿ ನಡೆಯುವುದನ್ನು ಒಂದಿಷ್ಟು ಹತ್ತಿರದಿಂದ ನೋಡೋಣ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ, ನಾನು ಇದನ್ನು ಕಂಡದ್ದು ಒಂದೇ ಕಡೆಯಲ್ಲ.

ರಾತ್ರಿ. ಅವ್ವ ಮಗಳು ಬಂದಿದ್ದಾರೆ. ಮಾತು ಅವ್ವನದೇ. "ಸ್ವಲ್ಪ ನೋಡ್ರಿ ಸಿಸ್ಟರ್, ನಮ್ಮ ಹುಡುಗಿಗೆ ಆರಾಮಿಲ್ಲ." ಮಗಳ ಕೈಮೇಲಿನ ಗಾಯ ನೋಡಿದ ಸಿಸ್ಟರಿಗೆ ತಿಳಿಯುತ್ತದೆ. ದನಿ ಇಳಿಸಿಯೇ ಕೇಳುತ್ತಾರೆ, "ಸ್ಟೇಷನ್ನಿಗೆ ಹೋಗಿ ಬಂದ್ರೇನು? ಪೊಲೀಸರ ಚೀಟಿ ತಂದೀರೇನು?" ಅವ್ವ ಮಗಳ ಮುಖ ನೋಡುತ್ತಾಳೆ. "ಮುಂಜಾನೆ ಬರ್ತೀವ್ರಿ" ಅನ್ನುತ್ತಾಳೆ. ಮುಂಜಾನೆ ಯಾರೂ ಬರುವುದಿಲ್ಲ.

ಆ ಸಿಸ್ಟರ್ ಕೆಟ್ಟವರಲ್ಲ. ಚೀಟಿ ಇಲ್ಲದೆ ಮುಟ್ಟಿದರೆ ತಮ್ಮ ಮೇಲೇ ಬರುತ್ತದೆ ಎಂದು ಅವರಿಗೆ ಯಾರೋ ಕಲಿಸಿದ್ದಾರೆ. ಕಾನೂನು ಹೇಳುವುದು ಪೂರಾ ತಿರುಗಾಮುರುಗಾ. 2013ರಿಂದ ದಂಡ ಪ್ರಕ್ರಿಯಾ ಸಂಹಿತೆಯ 357ಸಿ ಕಲಮಿನಲ್ಲಿ ಇದ್ದದ್ದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 397ರಲ್ಲಿದೆ: ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ನ್ಯಾಯ ಸಂಹಿತೆಯ 200ನೆಯ ಕಲಮಿನಡಿ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಶಿಕ್ಷೆ. ಚೀಟಿಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಆ ರಾತ್ರಿ ಕೈತಪ್ಪಿದ್ದೇನು? ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಮಾತ್ರೆ ಬೇಗ ಕೊಟ್ಟಷ್ಟೂ ಒಳ್ಳೆಯದು, ಐದು ದಿನ ಮೀರಿದರೆ ಉಪಯೋಗವಿಲ್ಲ. ಮೈಮೇಲಿನ ಸಾಕ್ಷ್ಯಕ್ಕೆ 96 ಗಂಟೆಯ ಗಡುವು.

ನನಗೆ ಜಗಳವಿರುವುದು ಇದೇ ಕಲಮಿನ ಬಾಲದ ಬಗ್ಗೆ. ಚಿಕಿತ್ಸೆ ಕೊಟ್ಟು 'ಕೂಡಲೇ ಪೊಲೀಸರಿಗೆ ತಿಳಿಸಬೇಕು' ಎಂದೂ ಅದೇ ಕಲಮು ಹೇಳುತ್ತದೆ. ಇನ್ನೊಂದು ಕಡೆ, ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ವಯಸ್ಕ ಹೆಂಗಸಿಗೆ ದೂರು ಬೇಡ ಅನ್ನುವ ಹಕ್ಕಿದೆ, ತಿಳಿದೇ ಬೇಡ ಅಂದಳು ಎಂದು ದಾಖಲಿಸಿ ಚಿಕಿತ್ಸೆ ಮಾಡಿ ಅನ್ನುತ್ತದೆ. ವಕೀಲ ಮಿತ್ರರು ಮಾರ್ಗಸೂಚಿ ಕಾನೂನಿಗಿಂತ ದೊಡ್ಡದಲ್ಲ ಎನ್ನುತ್ತಾರೆ. ಒಪ್ಪಿದೆ. ಆದರೆ ತಿಳಿಸುವುದೇ ಎಫ್‌ಐಆರ್ ಎಂದು ಅವರು ಮುಂದುವರಿಸಿದರೆ ನಾನು ಅಲ್ಲಿ ನಿಲ್ಲುತ್ತೇನೆ. ಆಸ್ಪತ್ರೆ ತಿಳಿಸುವುದು ಒಂದು ಸಂಗತಿಯನ್ನು. ಫಿರ್ಯಾದಿ ಆಗುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅವಳು ಬೇಡವೆಂದ ಬರಹವನ್ನೂ ಜೊತೆಗೇ ಇಟ್ಟು ಕಳಿಸಲು ಯಾವ ಕಲಮೂ ಅಡ್ಡ ಬರುವುದಿಲ್ಲ. ವಯಸ್ಕರ ಮಟ್ಟಿಗೆ ಆ ಬಾಲವನ್ನೇ ತಿದ್ದಿ, ಒಪ್ಪಿಗೆ ಇದ್ದರೆ ಮಾತ್ರ ತಿಳಿಸಬೇಕು ಎಂದು ಬರೆಯಬೇಕೆಂಬುದು ನನ್ನ ನಿಲುವು. ತಿದ್ದುವ ತನಕವಾದರೂ ಚಿಕಿತ್ಸೆ ಮೊದಲು, ಫೋನು ಆಮೇಲೆ.

ಇದಕ್ಕಿಂತ ಗಟ್ಟಿಯಾದ ವಿರೋಧ ಬರುವುದು ನಮ್ಮದೇ ಮಹಿಳಾ ಸಂಘಟನೆಗಳ ಕೆಲವು ಗೆಳತಿಯರಿಂದ. ದೂರು ಕೊಡದೆ ಹೋಗಲು ದಾರಿ ಮಾಡಿಕೊಟ್ಟರೆ ಅಪರಾಧಿಗಳು ಊರಲ್ಲಿ ಮೀಸೆ ತಿರುವಿ ಓಡಾಡುತ್ತಾರೆ ಎಂಬುದು ಅವರ ಸಿಟ್ಟು. ಸಿಟ್ಟು ನ್ಯಾಯವಾದದ್ದು, ತರ್ಕ ಸರಿಯಿಲ್ಲ. ಬಾಗಿಲಿನಿಂದಲೇ ತಿರುಗಿ ಹೋದವಳು ದೂರು ಕೊಟ್ಟಳೇನು? ಮಾತ್ರೆ ತಗೊಂಡು, ಗಾಯದ ದಾಖಲೆ ಮಾಡಿಸಿಕೊಂಡು, ಮತ್ತೊಮ್ಮೆ ಬಂದು ಮಾತಾಡಿದವಳು ತಿಂಗಳ ಮೇಲೆ ತಾನೇ ಸ್ಟೇಷನ್ನಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಹೋಗದೆ ಉಳಿದವರನ್ನೂ ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಮಾತನ್ನು ಅವಳಿಗೆ ಮೊದಲೇ ಹೇಳಬೇಕು: ಚಿಕಿತ್ಸೆಗೆ ಎಫ್‌ಐಆರ್ ಬೇಡ, ಪರಿಹಾರದ ಹಣಕ್ಕೆ ಬೇಕು.

ದೂರು ಬೇಡ ಅನ್ನುವುದನ್ನು ಅಂಜಿಕೆ ಎಂದು ತಳ್ಳಿಹಾಕುವವರು ಇಳಕಲ್ಲಿನ ಒಂದು ಕೂಲಿ ಮಗ್ಗದ ಮನೆಗೆ ಬರಬೇಕು. ರೇಷ್ಮೆ, ನೂಲು ಮಾಲಕರದು. ಗಂಡ ನೇಯುತ್ತಾನೆ, ಇವಳು ಕಂಡಿಕಿ ಸುತ್ತುತ್ತಾಳೆ. ಮಗಳ ಮದುವೆಗೆ ತಂದ ಮುಂಗಡ ಇನ್ನೂ ತೀರಿಲ್ಲ. ಕೈಮಾಡಿದವನು ನೂಲು ಕೊಡುವ ಮನೆಯವನೇ ಆಗಿದ್ದರೆ, ಅವಳು ಠಾಣೆಯ ಮೆಟ್ಟಿಲು ಹತ್ತಿದ ದಿನವೇ ಮಗ್ಗ ನಿಲ್ಲುತ್ತದೆ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯವಳ ಪಾಡೂ ಬೇರೆಯಲ್ಲ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾನೂನು ಇಂಥವರಿಗಾಗಿಯೇ ಜಿಲ್ಲೆಯಲ್ಲೊಂದು ಸ್ಥಳೀಯ ಸಮಿತಿ ಇಟ್ಟಿದೆ: ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ಮಾಲಕನ ಮೇಲೆಯೇ ದೂರು ಇರುವಾಗ, ಅಲ್ಲಿಗೆ ಬರೆಯಬಹುದು. ಮೂರು ತಿಂಗಳ ಗಡುವಿದೆ. ಮಗ್ಗದ ಓಣಿಗಳಲ್ಲಿ ಈ ಸಮಿತಿಯ ಹೆಸರು ಕೇಳಿದವರು ನನಗೆ ಸಿಕ್ಕಿಲ್ಲ. ದುಡಿಯಲು ಗೋವಾಕ್ಕೋ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಹೋದಲ್ಲಿ ಅನ್ಯಾಯವಾಗಿದ್ದರೆ ಇಲ್ಲಿಯ ಠಾಣೆಯೇ ದೂರು ಬರೆದುಕೊಂಡು ಅಲ್ಲಿಗೆ ಕಳಿಸಬೇಕು, ಹದ್ದು ನಮ್ಮದಲ್ಲ ಅನ್ನುವಂತಿಲ್ಲ. ಇದನ್ನು ಸುಗ್ಗಿಗೆ ಮೊದಲು ಹಳ್ಳಿಗಳಲ್ಲಿ ಡಂಗುರ ಹೊಡೆಸಿ ಹೇಳಿದರೂ ತಪ್ಪಿಲ್ಲ.

ಈಗ ಸಮಾಲೋಚನೆಗೆ ಬರುತ್ತೇನೆ. ನನ್ನದೇ ವೃತ್ತಿ, ಸ್ವಲ್ಪ ಬಿಗಿಯಾಗಿಯೇ ಮಾತಾಡುತ್ತೇನೆ. ನಮ್ಮ ಕೇಂದ್ರಗಳ ಸಮಾಲೋಚಕಿಯರು ಕಲಿತದ್ದು ಸಂಸಾರದ ಜಗಳ ಬಿಡಿಸುವುದನ್ನು. ಇಬ್ಬರನ್ನೂ ಕರೆ, ಎದುರುಬದುರು ಕೂಡಿಸು, ಬುದ್ಧಿ ಹೇಳು, ಸಹಿ ಹಾಕಿಸು, ಒಂದುಗೂಡಿದ ಕುಟುಂಬ ಎಂದು ವರದಿಯಲ್ಲಿ ಬರೆ. ಅದೇ ಮೇಜಿಗೆ ಅತ್ಯಾಚಾರದ ಸಂಗತಿ ಬಂದಾಗಲೂ ಕೈ ಅದೇ ಅಭ್ಯಾಸದಂತೆ ನಡೆಯುತ್ತದೆ. "ಮದುವಿ ಮಾಡಿ ಮುಗಿಸಿಬಿಡ್ರಿ" ಎಂಬ ಮಾತು ಹೊರಗಿನ ಪಂಚರ ಬಾಯಿಂದ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಅತ್ಯಾಚಾರದಲ್ಲಿ ರಾಜಿಗೆ ಜಾಗವೇ ಇಲ್ಲ ಎಂದು ಸುಪ್ರೀಂ ಕೋರ್ಟು 2015ರ ಮದನಲಾಲ್ ಪ್ರಕರಣದಲ್ಲಿ ಹೇಳಿತು. 2021ರ ಮಾರ್ಚಿನ ಅಪರ್ಣಾ ಭಟ್ ಪ್ರಕರಣದಲ್ಲಿ ನ್ಯಾಯಾಧೀಶರೇ ಮದುವೆ, ರಾಜಿಯ ಸೂಚನೆ ಕೊಡಬಾರದು ಎಂದಿತು. ನ್ಯಾಯಾಧೀಶರಿಗೆ ಇಲ್ಲದ ಅಧಿಕಾರ ಸಮಾಲೋಚಕಿಗೆ ಎಲ್ಲಿಂದ ಬಂತು?

ಊರ ಹಿರಿಯರೊಬ್ಬರು ನನ್ನ ಜೊತೆ ವಾದಿಸಿದ್ದರು: ನಮ್ಮ ಮಹಾಂತ ಶಿವಯೋಗಿಗಳು 1975ರಿಂದ ಚಟಗಳನ್ನೇ ಭಿಕ್ಷೆ ಬೇಡುವ ಜೋಳಿಗೆ ಹಿಡಿದು ಎಷ್ಟೋ ಮನೆ ಉಳಿಸಿದರು, ಹಾಗೇ ಮಠದ ಸಮ್ಮುಖದಲ್ಲಿ ಇದನ್ನೂ ತೀರಿಸಬಾರದೇಕೆ? ಅಪ್ಪಗಳ ಬಗ್ಗೆ ನನಗೆ ಅವರಷ್ಟೇ ಭಕ್ತಿ. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ನಾಡೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆದರೆ ಆ ಜೋಳಿಗೆಗೆ ಕುಡುಕ ಹಾಕಿದ್ದು ತನ್ನ ಚಟವನ್ನು. ಇಲ್ಲಿ ಮಾಡಿದವನು ಒಬ್ಬ, ಹತ್ತು ಜನರ ಮುಂದೆ ಬಾಯಿಬಿಡಬೇಕಾದವಳು ಇನ್ನೊಬ್ಬಳು. ಹಿರಿಯರು ಸುಮ್ಮನಾದರು. ಒಪ್ಪಿದರೆಂದು ನಾನು ಹೇಳುವುದಿಲ್ಲ.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಎಲ್ಲ ಹೇಳಿಬಿಡು, ಹಗುರಾಗ್ತೀ ಎಂದು ಮೊದಲ ದಿನವೇ ಪೂರ್ತಿ ಕಥೆ ಕೇಳುವುದು. ಹಾಗೆ ಒತ್ತಾಯದಿಂದ ಹೇಳಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮೊದಲ ಭೇಟಿಯಲ್ಲಿ ಬೇಕಾದದ್ದು ನೀರು, ಮುಚ್ಚಿದ ಬಾಗಿಲು, ಇವತ್ತು ರಾತ್ರಿ ಎಲ್ಲಿ ಮಲಗುತ್ತೀ ಎಂಬ ಪ್ರಶ್ನೆ. ರಿಜಿಸ್ಟರಿನಲ್ಲಿ 'ಘಟನೆಯ ವಿವರ' ಎಂಬ ಅಗಲವಾದ ಕಾಲಂ ಇರುತ್ತದೆ. ನಾನು ತರಬೇತಿ ಕೊಡುವ ಹುಡುಗಿಯರಿಗೆ ಅದನ್ನು ತುಂಬಬೇಡಿ ಅನ್ನುತ್ತೇನೆ. ವಕೀಲರಿಗೆ ಕಕ್ಷಿದಾರ ಹೇಳಿದ್ದಕ್ಕೆ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ, ಸಮಾಲೋಚಕಿಗೆ ಅಂಥದ್ದಿಲ್ಲ. ನೊಂದವಳು ಅಳುತ್ತಾ ಹೇಳಿ ರಿಜಿಸ್ಟರಿನಲ್ಲಿ ಬಿದ್ದ ಒಂದು ತಾರೀಖು, ಠಾಣೆಯಲ್ಲಿ ಹೇಳಿದ ಇನ್ನೊಂದು ತಾರೀಖು, ಇವೆರಡರ ನಡುವಿನ ವ್ಯತ್ಯಾಸ ಎದುರು ವಕೀಲರಿಗೆ ಇಡೀ ಮಧ್ಯಾಹ್ನದ ಕೆಲಸ. ಬಂದ ದಿನ, ಕೊಟ್ಟ ನೆರವು, ಮುಂದಿನ ಭೇಟಿ, ಇಷ್ಟು ಬರೆದರೆ ಸಾಕು. ವಿವರ ಕಡಿಮೆಯಾಯಿತೆಂದು ಮೇಲಧಿಕಾರಿಗಳು ಗದರುತ್ತಾರೆ. ಗದರಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ವಯಸ್ಕರ ಮಾತು. ಹದಿನೆಂಟು ತುಂಬದವಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆ ಆಯ್ಕೆ ಉಳಿಸಿಲ್ಲ; ತಿಳಿದವರು ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಒಪ್ಪಿಗೆಯ ಸಂಬಂಧದಿಂದ ಬಸಿರಾಗಿ ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ವೈದ್ಯರು ಅವಳ ಹೆಸರು ಹೇಳದೆಯೇ ವರದಿ ಮಾಡಬಹುದೆಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕಿಂಡಿಯೊಂದನ್ನು ತೆರೆದಿದೆ. ಈ ಕಡ್ಡಾಯದ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ, ಆದರೆ ಅದು ಇನ್ನೊಂದು ಉಪನ್ಯಾಸ. ಸದ್ಯಕ್ಕೆ ಇಷ್ಟು: ಹುಡುಗಿ ಬಾಯಿ ತೆರೆಯುವ ಮೊದಲೇ "ನೀ ಹೇಳಿದ್ದನ್ನ ನಾ ಪೊಲೀಸರಿಗೆ ಹೇಳಬೇಕಾಗ್ತದವ್ವ, ಆದ್ರ ನಿನ್ನ ಜೋಡಿ ನಾ ಇರ್ತೀನಿ" ಎಂದು ಹೇಳಬೇಕು. ಅಕ್ಕೋರು ಇದ್ದಿದ್ದರೆ ಹೀಗೆ ಹೇಳುತ್ತಿದ್ದರೆಂದು ಅವರ ವಿದ್ಯಾರ್ಥಿನಿಯರ ಮಾತು ಕೇಳಿ ನನಗನಿಸಿದೆ.

ಸಿಬ್ಬಂದಿ ಎಲ್ಲಿದ್ದಾರೆ, ಹಣ ಎಲ್ಲಿದೆ ಎಂದು ಸಭೆಯ ನಂತರ ಆರೋಗ್ಯ ಇಲಾಖೆಯ ಮಿತ್ರರು ಖಂಡಿತ ಕೇಳುತ್ತಾರೆ. ಹೊಸ ಕಟ್ಟಡ ನಾನು ಕೇಳುತ್ತಿಲ್ಲ. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ 'ದಿಲಾಸಾ' ಶುರುವಾದದ್ದು ಇದ್ದ ಆಸ್ಪತ್ರೆಯೊಳಗೇ, ಇದ್ದ ದಾದಿಯರಿಗೂ ವೈದ್ಯರಿಗೂ ತರಬೇತಿ ಕೊಟ್ಟು. ಇಳಕಲ್ಲಿಗೆ, ಹುನಗುಂದಕ್ಕೆ, ಬಾದಾಮಿಗೆ ಬೇಕಾದದ್ದು ರಾತ್ರಿ ಪಾಳಿಯಲ್ಲೂ ಬೀಗದ ಕೈ ಸಿಗುವ ಒಂದು ಕಪಾಟು, ಅದರಲ್ಲಿ ಮಾತ್ರೆ ಮತ್ತು ಸಾಕ್ಷ್ಯದ ಕಿಟ್, ಮೂರು ಪಾಳಿಯ ಸಿಸ್ಟರುಗಳಿಗೂ ತರಬೇತಿ, 397ನೆಯ ಕಲಮನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ. ಆ ಹಾಳೆಯನ್ನು ವೈದ್ಯಾಧಿಕಾರಿಗಳ ಕೋಣೆಯಲ್ಲಿ ತೂಗುಹಾಕಬೇಡಿ. ಚೀಟಿ ಕೇಳುವ ಮೇಜಿನ ಮೇಲೆ, ಗಾಜಿನ ಕೆಳಗೆ ಇಡಿ.