ಡೊಂಬಿವಲಿಯ ಟಾಪ್ ಫ್ಲೋರ್ ಮತ್ತು ಸೋರುವ ಟೆರೇಸು

ಠಾಣೆ, ಕಲ್ಯಾಣ, ನವಿ ಮುಂಬೈ ಕಡೆ ಹಳೇ ಕಟ್ಟಡದಲ್ಲಿ ಫ್ಲ್ಯಾಟ್ ತಗೊಂಡಿರೋ ನಮ್ಮವರಿಗೆ ಇವತ್ತಿನ ಮಾತು. ಅದರಲ್ಲೂ ಟಾಪ್ ಫ್ಲೋರಿನಲ್ಲಿ ಇರೋರಿಗೆ.

ನಾವು ಡೊಂಬಿವಲಿ ಪೂರ್ವದಲ್ಲಿ ನಾಲ್ಕನೇ ಮಹಡಿಯ ಮನೆ ಕೊಂಡಾಗ ಕಟ್ಟಡಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಟಾಪ್ ಫ್ಲೋರ್ ಅಂತ ರೇಟು ಸ್ವಲ್ಪ ಕಮ್ಮಿ. ಯಾಕೆ ಕಮ್ಮಿ ಅನ್ನೋದು ಮೊದಲ ಜುಲೈನಲ್ಲೇ ಗೊತ್ತಾಯ್ತು. ಶಿರಸಿಯಿಂದ ಬಂದಿದ್ದ ಅಮ್ಮ ಸೋರೋ ಜಾಗಕ್ಕೆ ಪಾತ್ರೆ ಇಟ್ಟು ಕೇಳಿದಳು: "ತಮಾ, ಮಳೆಗಾಲಕ್ಕೆ ಮುಂಚೆ ಇಲ್ಲಿ ಯಾರೂ ಮಾಡು ನೋಡೂದಿಲ್ವಾ?" ಊರಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸ್ತಾರೆ, ಒಡೆದದ್ದನ್ನ ಬದಲಾಯಿಸ್ತಾರೆ. ಇಲ್ಲಿ ಕಾಂಕ್ರೀಟು, ಅದಕ್ಕೇನಾಗತ್ತೆ ಅಂತ ನಾನು ಅಂದುಕೊಂಡಿದ್ದೆ.

ಆಮೇಲೆ ಎರಡು ವರ್ಷ ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆ. ದೀಪಾವಳಿಗೆ ಒಳಗಿನಿಂದ ಪುಟ್ಟಿ, ಡ್ಯಾಂಪ್‌ಪ್ರೂಫ್ ಪೇಂಟ್. ಮುಂದಿನ ಮಳೆಗೆ ಅದೇ ಕಲೆ, ಇನ್ನೂ ದೊಡ್ಡದಾಗಿ. ನೀರು ಮೇಲಿನಿಂದ ಬರ್ತಿರುವಾಗ ಕೆಳಗಿನಿಂದ ಮುಚ್ಚಿದರೆ ಅದು ಸ್ಲ್ಯಾಬಿನಲ್ಲೇ ಉಳಿಯತ್ತೆ. ಒಳಗಿನ ಕಬ್ಬಿಣ ತುಕ್ಕು ಹಿಡಿಯತ್ತೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಕು, ಆದ್ದರಿಂದ ಅದು ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳತ್ತೆ. ಮೂರನೇ ವರ್ಷ ಒಂದು ಬೆಳಿಗ್ಗೆ ಅಂಗೈಗಲದ ಪ್ಲಾಸ್ಟರ್ ತುಂಡು ಮಗಳ ದಿಂಬಿನ ಮೇಲೆ ಬಿತ್ತು. ಅವಳು ಹಲ್ಲುಜ್ಜೋಕೆ ಎದ್ದು ಹೋಗಿ ಐದು ನಿಮಿಷ ಆಗಿತ್ತು. ಅವತ್ತಿನಿಂದ ಪೇಂಟಿನ ಮಾತು ನಿಂತಿತು.

ಮೊದಲು ಕಾರಣ ಹುಡುಕಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮಳೆ ಶುರುವಾದ ಸಮಯ, ಹನಿ ಶುರುವಾದ ಸಮಯ, ನಿಂತ ಸಮಯ ಬರೆದಿಟ್ಟೆ. ಮಳೆ ಬಂದು ನಾಲ್ಕೈದು ಗಂಟೆ ಆದಮೇಲೆ ಹನಿ ಶುರು. ಮಳೆ ನಿಂತರೂ ಮರುದಿನದವರೆಗೆ ಹನಿ. ಅಂದರೆ ಮೇಲೆಲ್ಲೋ ನೀರು ಕೂಡಿಕೊಂಡು ನಿಧಾನ ಇಳೀತಿದೆ. ಮಳೆಯೇ ಇಲ್ಲದಾಗಲೂ ಹನಿಯುತ್ತಿದ್ದರೆ ಟ್ಯಾಂಕು, ಪೈಪು ನೋಡಬೇಕು.

ಆ ನೀರು ಕೂಡೋ ಜಾಗ ಕೋಬಾ. ಈ ಕಡೆಯ ಹಳೇ ಟೆರೇಸುಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರುಗಳನ್ನ ಸಿಮೆಂಟ್ ಗಾರೆಯಲ್ಲಿ ಕೂರಿಸಿ, ಇಳಿಜಾರು ಕೊಟ್ಟು, ಮೇಲೆ ಸಿಮೆಂಟಿನ ಚೌಕಳಿ ಗೀಟು ಹಾಕಿರ್ತಾರೆ. ಅದೇ ಬ್ರಿಕ್‌ಬ್ಯಾಟ್ ಕೋಬಾ. ಮೇಲ್ಪದರ ಬಿರುಕು ಬಿಟ್ಟರೆ ಇಟ್ಟಿಗೆ ನೀರು ಕುಡಿದು ಕೂತುಬಿಡತ್ತೆ. ಇನ್ನೊಂದು ವಿಷಯ: ಹನಿ ಬೀಳೋ ಜಾಗ ಬೇರೆ, ನೀರು ಒಳಹೋಗೋ ಜಾಗ ಬೇರೆ. ನಮ್ಮಲ್ಲಿ ಹನಿ ಬೆಡ್‌ರೂಮಿನಲ್ಲಿ. ಬಿರುಕು ಹತ್ತು ಅಡಿ ಆಚೆ, ಪ್ಯಾರಪೆಟ್ ಗೋಡೆ ಮತ್ತು ಟೆರೇಸು ಸೇರೋ ಮೂಲೆಯ ವಾಟಾದಲ್ಲಿ. ಜೊತೆಗೆ ಮಳೆನೀರಿನ ಪೈಪಿನ ಬಾಯಿ ಸುತ್ತ ಒಂದು ಸಂದು. ಯಾರೋ ಡಿಶ್ ಆಂಟೆನಾಗೆ ಹೊಡೆದ ನಾಲ್ಕು ಬೋಲ್ಟು.

ಇನ್ನು ದುಡ್ಡಿನ ಪ್ರಶ್ನೆ. "ಸೋರ್ತಿರೋದು ನಿಮ್ಮ ಮನೆ, ನೀವೇ ಮಾಡಿಸ್ಕೊಳ್ಳಿ" ಅಂದರು ಕೆಳಗಿನ ಮಹಡಿಯವರು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಮಳೆನೀರಿನ ಸೋರಿಕೆಯ ದುರಸ್ತಿ ಸೊಸೈಟಿಯ ಖರ್ಚು. ಟೆರೇಸು ಎಲ್ಲರದ್ದು. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು ಅಂತಲೂ ಅದರಲ್ಲಿದೆ. ಆದರೆ ಬೈಲಾ ತೋರಿಸಿ ನಾನು ಜಗಳ ಗೆಲ್ಲಲಿಲ್ಲ. ಆ ಪ್ಲಾಸ್ಟರ್ ತುಂಡನ್ನ ಮೀಟಿಂಗಿಗೆ ತಗೊಂಡು ಹೋಗಿ ಮೇಜಿನ ಮೇಲಿಟ್ಟೆ. ನೆಲಮಹಡಿಯ ಕಾಕಾ ಅದನ್ನ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ಕಟ್ಟಡದ್ದೇ" ಅಂದರು.

ಒಬ್ಬ ಕಾಂಟ್ರಾಕ್ಟರ್ ಹಳೇ ಕೋಬಾ ಮೇಲೇ ಹೊಸ ಕೋಬಾ ಹಾಕೋಣ ಅಂದ. ಎಂಜಿನಿಯರ್ ತಡೆದರು. ನಾಲ್ಕಿಂಚು ಕೋಬಾ ಅಂದರೆ ಚದರ ಮೀಟರಿಗೆ ಸುಮಾರು 200 ಕೆಜಿ. ಮುದಿ ಸ್ಲ್ಯಾಬಿನ ಮೇಲೆ ಇನ್ನೊಂದು ಅಷ್ಟೇ ಭಾರ ಹೇರಬಾರದು. ಪತ್ರಾ ಶೆಡ್ ಹಾಕೋದಾದರೆ ಮಹಾನಗರಪಾಲಿಕೆಯ ಅನುಮತಿ ನೋಡಬೇಕು. ಅದು ನೀರು ತಡೀತದೆ, ಬಿರುಕು ಮುಚ್ಚೋದಿಲ್ಲ.

ಏಪ್ರಿಲ್ ಕೊನೆಯಲ್ಲಿ ಕೆಲಸ ಹಿಡಿದೆವು. ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಕೋಬಾ ಕಿತ್ತು ಹೊಸದು ಹಾಕಿದರು. ಬಿರುಕುಗಳನ್ನ ವಿ ಆಕಾರಕ್ಕೆ ಕೊರೆದು, ಧೂಳು ತೆಗೆದು, ಪಾಲಿಮರ್ ಗಾರೆ ತುಂಬಿದರು. ವಾಟಾ ಪೂರ್ತಿ ಹೊಸದು. ಪೈಪಿನ ಬಾಯಿ ಬಿಡಿಸಿ ಮತ್ತೆ ಕೂರಿಸಿ, ಜಾಲಿ ಹಾಕಿದರು. ಬೋಲ್ಟು ತೆಗೆದು ತೂತು ಮುಚ್ಚಿದರು. ಆಮೇಲೆ ಇಡೀ ಟೆರೇಸಿಗೆ ಸಿಮೆಂಟ್-ಪಾಲಿಮರ್ ಕೋಟಿಂಗ್ ಎರಡು ಸಲ, ಒಂದಕ್ಕೊಂದು ಅಡ್ಡಡ್ಡ. ಮೂಲೆಗಳಲ್ಲಿ ನಡುವೆ ಫೈಬರ್ ಜಾಲರಿ. ಸಿಮೆಂಟ್ ಕೋಟಿಂಗಿಗೆ ನೆಲ ತುಸು ತೇವ ಇರಬೇಕು, ನೀರು ನಿಂತಿರಬಾರದು. ಪಿಯು ಕೋಟಿಂಗ್ ಆದರೆ ನೆಲ ಪೂರ್ತಿ ಒಣಗಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಳಿಯಬೇಡಿ, ಬೇಗ ಒಣಗಿ ಸೀಳತ್ತೆ.

ಕೊನೆಯ ಹಣ ಕೊಡೋ ಮುಂಚೆ ಪರೀಕ್ಷೆ. ಪೈಪಿನ ಬಾಯಿ ಮುಚ್ಚಿ, ಭಾಗ ಭಾಗವಾಗಿ ಒಂದಿಂಚು ನೀರು ಎರಡು ದಿನ ನಿಲ್ಲಿಸಿದೆವು. ಒಂದಿಂಚು ನೀರೂ ಚದರ ಮೀಟರಿಗೆ 25 ಕೆಜಿ ಭಾರ, ಹಾಗಾಗಿ ಎಂಜಿನಿಯರನ್ನ ಕೇಳಿಯೇ ನಿಲ್ಲಿಸಿ. ಒಳಗಡೆ ಸ್ಲ್ಯಾಬ್ ಒಣಗಿದ ಮೇಲೇ ಸಡಿಲ ಪ್ಲಾಸ್ಟರ್ ಕೆಡವಿ, ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದು, ಗಾರೆ ಮೆತ್ತಿಸಿದ್ದು.

ಜೂನಿನ ಮೊದಲ ಜೋರು ಮಳೆಗೆ ರಾತ್ರಿಯಿಡೀ ಎದ್ದು ಕೂತಿದ್ದೆ. ಬೆಡ್‌ರೂಮು ಒಣಗೇ ಇತ್ತು. ಅಡುಗೆಮನೆ ಮೂಲೆಯಲ್ಲಿ ಒಂದು ಕಲೆ ಮಾತ್ರ ಈಗಲೂ ಇದೆ. ನೋಟ್‌ಬುಕ್ ಪ್ರಕಾರ ಅದಕ್ಕೂ ಮಳೆಗೂ ಸಂಬಂಧ ಇಲ್ಲ, ಟ್ಯಾಂಕಿನ ಪೈಪು ಇರಬೇಕು. ಈ ಬೇಸಿಗೆಗೆ ಅದರ ಸರದಿ.

2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಸೀಮೆ ಇದು. ಹೊಸ ಮನೆ ನೋಡೋಕೆ ಹೋಗೋರು ಟೈಲ್ಸ್ ಆಮೇಲೆ ನೋಡಿ, ಮೊದಲು ಟೆರೇಸು ಹತ್ತಿ. ಈಗಾಗಲೇ ಇರೋರು ಪ್ರತಿ ಮೇನಲ್ಲಿ ಒಂದು ಭಾನುವಾರ ಪೈಪಿನ ಬಾಯಿಯ ಕಸ ತೆಗೆದು, ವಾಟಾದ ಮೇಲೆ ಒಮ್ಮೆ ಕೈಯಾಡಿಸಿ ಬನ್ನಿ. ನಾನೀಗ ಮಗಳನ್ನೂ ಕರ್ಕೊಂಡು ಹೋಗ್ತೀನಿ.